ಹಸಿರು ಶಾಲಿನ ಹಿಂದಿನ ವಿಚಾರ: ರೈತಸಂಘಟನೆಗಳ ರಾಜಕೀಯ ಮೌಲ್ಯಗಳು

ಒಕ್ಕಲುತನವು ಈ ನಾಡಿನ ಅತಿ ಪ್ರಾಚೀನ ಕಾಯಕಗಳಲ್ಲೊಂದು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಒಕ್ಕಲಿಗ ಮುದ್ದಣ್ಣನೆಂಬ ವಚನಕಾರನಿದ್ದು, ಉಳುಮೆ ಬಿತ್ತನೆಗಳ ಪರಿಭಾಷೆಯನ್ನೇ ಅನುಭಾವದ ಪರಿಭಾಷೆಯನ್ನಾಗಿ ಬಳಸಿದನು. ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿ ಲೋಕೋಪಕಾರವನ್ನೇ ಯೋಗವೆಂದು ಬಗೆದನು. ಆದರೆ ರೈತನು ತನ್ನಂತಹ ಇತರರೊಡನೆ ಕೂಡಿ, ಸರಕಾರವನ್ನೂ ಮಾರುಕಟ್ಟೆಯನ್ನೂ ಎದುರಿಟ್ಟುಕೊಂಡು, ತನ್ನ ದುಡಿಮೆಯ ಬೆಲೆಯನ್ನು ತಾನೇ ಕೇಳುವುದು ಆಧುನಿಕ ಕಾಲದ ಸಂಗತಿ. ಅದಕ್ಕೆ ಸಂಘವೊಂದು ಬೇಕು. ಸಂಘಕ್ಕೆ ಒಂದು ವಿಚಾರ ಬೇಕು. ಆ ವಿಚಾರವು ಯಾವುದು, ಅದು ಯಾವ ಮೂಲಗಳಿಂದ ಬಂದಿತು, ಅದರೊಳಗಿನ ಬಿಕ್ಕಟ್ಟುಗಳು ಯಾವುವು ಎಂಬುದನ್ನು ಕರ್ನಾಟಕ ರಾಜ್ಯ ರೈತಸಂಘವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಇಲ್ಲಿಯ ಉದ್ದೇಶ.

ರೈತಸಂಘಟನೆಗಳನ್ನು ಕುರಿತು ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಅವು ಕೇವಲ ಬೇಡಿಕೆಯ ಕೂಟಗಳು, ಬೇಡಿಕೆ ಈಡೇರಿದೊಡನೆ ಕರಗಿಹೋಗತಕ್ಕವು ಎಂಬುದು ಒಂದು ಮಾತು. ಅವು ಯಾವುದೋ ಪಕ್ಷದ ನೆರಳಿನಲ್ಲಿ ಬೆಳೆಯುವ ಕೊಂಬೆಗಳು ಎಂಬುದು ಇನ್ನೊಂದು ಮಾತು. ಈ ಎರಡೂ ಅರ್ಧಸತ್ಯಗಳೇ. ಬೇಡಿಕೆಯೆಂಬುದು ಮೇಲ್ನೋಟಕ್ಕೆ ಹಣದ ಲೆಕ್ಕವಾಗಿ ತೋರಿದರೂ ಅದರ ಬುಡದಲ್ಲಿ ನ್ಯಾಯವೆಂದರೇನು, ದುಡಿಮೆಯ ಯೋಗ್ಯತೆಯೇನು, ಅಧಿಕಾರವು ಯಾರ ಕೈಯಲ್ಲಿರಬೇಕು ಎಂಬ ಮೌಲ್ಯನಿರ್ಣಯಗಳು ಅಡಗಿರುತ್ತವೆ.

ಗೇಣಿಯಿಂದ ಬೆಲೆಯೆಡೆಗೆ

ಭಾರತದ ರೈತ ಚಳವಳಿಯ ಇತಿಹಾಸದಲ್ಲಿ ಮಠೀಯ ಪರಂಪರೆಯ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ೧೯೩೬ರಲ್ಲಿ ಲಖನೌದಲ್ಲಿ ಅಖಿಲ ಭಾರತ ಕಿಸಾನ್ ಸಭೆಯು ಸ್ಥಾಪಿತವಾದಾಗ ಅದರ ಪ್ರಥಮ ಅಧ್ಯಕ್ಷರಾದವರು ಸ್ವಾಮಿ ಸಹಜಾನಂದ ಸರಸ್ವತಿಯವರೆಂಬ ಸಂನ್ಯಾಸಿಗಳು. ೧೯೨೯ರಲ್ಲಿ ಬಿಹಾರ ಪ್ರಾಂತೀಯ ಕಿಸಾನ್ ಸಭೆಯನ್ನು ಕಟ್ಟಿದಾಗ ಜಮೀನುದಾರರಿಗೂ ಒಕ್ಕಲುಗಳಿಗೂ ಸಾಮರಸ್ಯವುಂಟಾಗಬೇಕೆಂಬುದು ಅವರ ಆಶಯವಾಗಿತ್ತು. ಆದರೆ ಹಳ್ಳಿಗಳಲ್ಲಿ ಕಂಡ ಸ್ಥಿತಿಯು ಅವರನ್ನು ಕ್ರಮೇಣ ಬೇರೊಂದು ನಿರ್ಣಯಕ್ಕೆ ತಂದಿತು. ಜಮೀನುದಾರಿ ಪದ್ಧತಿಯೇ ಅಳಿಯಬೇಕೆಂದು ಅವರು ಸಾರಿದರು. ಜಗತ್ತನ್ನು ತ್ಯಜಿಸಿದವನು ಜಗತ್ತಿನ ಅನ್ಯಾಯವನ್ನೂ ಕಾಣದಂತಿರಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಅವರ ಜೀವನವೇ ಸಾಕ್ಷಿ.

ಕರ್ನಾಟಕದಲ್ಲಿಯೂ ಮೊದಲ ಹೋರಾಟವು ಗೇಣಿಯನ್ನು ಕುರಿತದ್ದೇ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹಕ್ಕೆ ಕಾರಣವಾದುದು ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಪ್ರಮಾಣ. ಅಳತೆಯು ನ್ಯಾಯವಾಗಿರಬೇಕೆಂಬ ಸರಳವಾದ ಮಾತಿನಿಂದ ಹೊರಟ ಆ ಹೋರಾಟವು ಉಳುವವನಿಗೆ ನೆಲದ ಮೇಲೆ ಹಕ್ಕಿದೆಯೆಂಬ ಸಿದ್ಧಾಂತದವರೆಗೆ ಬೆಳೆಯಿತು. ಹೆಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರಂತಹ ಸಮಾಜವಾದಿಗಳು ಜೊತೆಗೂಡಿದರು, ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಈ ಬೀಜವು ಫಲಿಸಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ದೇವರಾಜ ಅರಸು ಅವರ ಆಡಳಿತಕಾಲದಲ್ಲಿ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದು, ಗೇಣಿಪದ್ಧತಿಯು ರದ್ದಾಗಿ, ಭೂನ್ಯಾಯಮಂಡಳಿಗಳ ಮೂಲಕ ಗೇಣಿದಾರರು ಭೂಮಾಲಿಕರಾದರು.

ಇಲ್ಲಿಗೆ ಒಂದು ಘಟ್ಟ ಮುಗಿಯಿತು. ಗೇಣಿದಾರನು ಒಡೆಯನಾದೊಡನೆ ಅವನ ಎದುರಾಳಿಯು ಬದಲಾದನು. ಮೊದಲು ಧಣಿಯ ಕಣದಲ್ಲಿ ತೀರ್ಮಾನವಾಗುತ್ತಿದ್ದ ಅವನ ಅದೃಷ್ಟವು ಈಗ ಗೊಬ್ಬರದ ಬೆಲೆ, ವಿದ್ಯುತ್ತಿನ ದರ, ಬ್ಯಾಂಕಿನ ಬಡ್ಡಿ, ಕಾಲುವೆಯ ಕರ, ಪೇಟೆಯ ಧಾರಣೆ ಇವುಗಳಲ್ಲಿ ತೀರ್ಮಾನವಾಗತೊಡಗಿತು. ಸುಧಾರಿತ ತಳಿಗಳು ಬಂದಂತೆ ಬೀಜ, ಗೊಬ್ಬರ, ಔಷಧಿಗಳನ್ನು ಕೊಂಡು ತರುವುದು ಅನಿವಾರ್ಯವಾಯಿತು. ಮನೆಯ ಕಣಜ ಮತ್ತು ಕೊಟ್ಟಿಗೆಗಳಿಂದ ನಡೆಯುತ್ತಿದ್ದ ಬೇಸಾಯವು ಹಣದ ಬೇಸಾಯವಾಯಿತು. ಕೊಳ್ಳುವಾಗ ವರ್ತಕನು ಹೇಳಿದ ಬೆಲೆ, ಮಾರುವಾಗಲೂ ವರ್ತಕನು ಹೇಳಿದ ಬೆಲೆ ಎಂಬ ಈ ವಿಚಿತ್ರ ಸ್ಥಿತಿಯೇ ಹೊಸ ರೈತಸಂಘಟನೆಗಳ ಹುಟ್ಟಿಗೆ ಕಾರಣ.

ನರಗುಂದ, ನವಲಗುಂದ ಮತ್ತು ರೈತಸಂಘದ ಉದಯ

ಮಲಪ್ರಭಾ ನದಿಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ನಿರ್ಮಾಣವಾದಾಗ ನರಗುಂದ, ನವಲಗುಂದ ಭಾಗದ ಎರೆಭೂಮಿಯ ರೈತರು ಹೊಸ ಬಾಳನ್ನು ನಿರೀಕ್ಷಿಸಿದರು. ಆದರೆ ಕಾಲುವೆಯ ನೀರು ಎಲ್ಲ ಹೊಲಗಳಿಗೂ ಮುಟ್ಟುವ ಮೊದಲೇ ನೀರಿನ ಕರವೂ ಭೂಮಿಯ ಬೆಲೆ ಏರಿತೆಂಬ ಕಾರಣಕ್ಕಾಗಿ ವಿಧಿಸುವ ಅಭಿವೃದ್ಧಿ ಕರವೂ ಅವರ ಮೇಲೆ ಬಿದ್ದವು. ಇದೇ ಸಮಯದಲ್ಲಿ ಹತ್ತಿಯ ಧಾರಣೆ ಕುಸಿಯಿತು. ೧೯೮೦ರ ಜುಲೈ ೨೧ರಂದು ನಡೆದ ಪ್ರತಿಭಟನೆಯು ಹಿಂಸೆಗೆ ತಿರುಗಿ, ಗೋಲಿಬಾರ್ ನಡೆದು, ರೈತರೂ ಪೋಲೀಸರೂ ಪ್ರಾಣ ತೆತ್ತರು. ಆ ದಿನವನ್ನು ಇಂದಿಗೂ ರೈತ ಹುತಾತ್ಮರ ದಿನವೆಂದು ಆ ಭಾಗದಲ್ಲಿ ಆಚರಿಸುತ್ತಾರೆ. ಮರುವರ್ಷ ನಿಪ್ಪಾಣಿಯಲ್ಲಿ ತಂಬಾಕಿನ ಬೆಲೆಗಾಗಿ ನಡೆದ ಹೋರಾಟವೂ ಗೋಲಿಬಾರಿನ ರಕ್ತವನ್ನು ಕಂಡಿತು.

ಇತ್ತ ಮಲೆನಾಡಿನ ಅಂಚಿನ ಶಿವಮೊಗ್ಗ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರ ಅತೃಪ್ತಿಯು ಬೆಳೆಯುತ್ತಿದ್ದಿತು. ೧೯೮೦ರಲ್ಲಿಯೇ ಹೆಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಕಡಿದಾಳು ಶಾಮಣ್ಣ ಮೊದಲಾದವರ ಪ್ರಯತ್ನದಿಂದ ಕರ್ನಾಟಕ ರಾಜ್ಯ ರೈತಸಂಘವು ರೂಪುಗೊಂಡಿತು. ಇವರಲ್ಲಿ ಹಲವರು ಸಮಾಜವಾದಿ ಯುವಜನ ಸಭೆಯ ಗರಡಿಯಲ್ಲಿ ಬೆಳೆದವರು. ಆದುದರಿಂದ ಉತ್ತರದ ನೋವು, ಮಲೆನಾಡಿನ ಸಂಘಟನೆ, ಲೋಹಿಯಾ ಚಿಂತನೆ ಈ ಮೂರೂ ಕೂಡಿದ ಸಂಗಮದಲ್ಲಿ ರೈತಸಂಘದ ವಿಚಾರವು ಮೈತಳೆಯಿತು ಎನ್ನಬಹುದು.

ಬೆಲೆಯೆಂಬುದು ಒಂದು ಮೌಲ್ಯ

ರೈತಸಂಘದ ಪ್ರಥಮ ಘೋಷಣೆ ವೈಜ್ಞಾನಿಕ ಬೆಲೆ. ಕೈಗಾರಿಕೆಯ ಒಡೆಯನು ತನ್ನ ಖರ್ಚನ್ನೆಲ್ಲ ಲೆಕ್ಕಹಾಕಿ, ಅದರ ಮೇಲೆ ಲಾಭವನ್ನಿಟ್ಟು, ತನ್ನ ವಸ್ತುವಿನ ಬೆಲೆಯನ್ನು ತಾನೇ ಗೊತ್ತುಪಡಿಸುತ್ತಾನೆ. ಅದೇ ಸ್ವಾತಂತ್ರ್ಯವು ಅನ್ನ ಬೆಳೆಯುವವನಿಗೆ ಏಕಿಲ್ಲ? ಕೃಷಿವಸ್ತುಗಳ ಬೆಲೆಗೂ ಕಾರ್ಖಾನೆಯ ವಸ್ತುಗಳ ಬೆಲೆಗೂ ಒಂದು ನ್ಯಾಯವಾದ ಹೊಂದಾಣಿಕೆಯಿರಬೇಕೆಂದು ಲೋಹಿಯಾ ಅವರು ಪ್ರತಿಪಾದಿಸಿದ್ದರು. ಇದರ ಮುಂದುವರಿಕೆಯಾಗಿ, ರೈತನು ಸಾಲಗಾರನಲ್ಲ, ಸರಕಾರವೇ ಅವನಿಗೆ ಬಾಕಿದಾರನೆಂಬ ನಿಲುವನ್ನು ರೈತಸಂಘವು ತಳೆಯಿತು. ದಶಕಗಳ ಕಾಲ ಕಡಿಮೆ ಬೆಲೆಗೆ ಧಾನ್ಯವನ್ನು ಕೊಟ್ಟು ನಗರಗಳನ್ನು ಸಾಕಿದವನ ಲೆಕ್ಕವನ್ನು ಬಿಡಿಸಿದರೆ ಋಣವು ಯಾರ ತಲೆಯ ಮೇಲಿದೆಯೆಂಬುದು ತಿಳಿಯುವುದೆಂಬುದು ಅದರ ವಾದ.

ಬೆಲೆಯ ಲೆಕ್ಕವು ಹೇಗೆ ಮೌಲ್ಯದ ಪ್ರಶ್ನೆಯಾಗುತ್ತದೆಂಬುದನ್ನು ಇಲ್ಲಿ ಬಿಡಿಸಿ ನೋಡುವುದು ಉಚಿತ. ೧೯೬೫ರಲ್ಲಿ ಕೇಂದ್ರ ಸರಕಾರವು ಕೃಷಿ ಬೆಲೆಗಳ ಆಯೋಗವನ್ನು ನೇಮಿಸಿತು; ೧೯೮೫ರಲ್ಲಿ ಅದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವಾಯಿತು. ಉತ್ಪಾದನಾವೆಚ್ಚವನ್ನು ಮೂರು ಮೆಟ್ಟಿಲುಗಳಲ್ಲಿ ಗಣಿಸಬಹುದು. ಬೀಜ, ಗೊಬ್ಬರ, ಕೂಲಿ ಮುಂತಾದವುಗಳಿಗೆ ರೈತನು ಕೈಯಿಂದ ತೆತ್ತ ಖರ್ಚು ಮೊದಲನೆಯದು. ಅದಕ್ಕೆ ಮನೆಯವರು ಹೊಲದಲ್ಲಿ ಮಾಡಿದ ದುಡಿಮೆಯ ಮೌಲ್ಯವನ್ನು ಕೂಡಿಸಿದರೆ ಎರಡನೆಯದು. ಸ್ವಂತ ಭೂಮಿಗೆ ಸಲ್ಲತಕ್ಕ ಗೇಣಿಯನ್ನೂ ಹೂಡಿದ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಮೂರನೆಯದು. ಡಾ. ಎಂ.ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯಲ್ಲಿ ೨೦೦೪ರಿಂದ ೨೦೦೬ರವರೆಗೆ ಕಾರ್ಯಮಾಡಿದ ರಾಷ್ಟ್ರೀಯ ರೈತ ಆಯೋಗವು ವೆಚ್ಚದ ಮೇಲೆ ಕನಿಷ್ಠ ಶೇಕಡಾ ೫೦ರಷ್ಟನ್ನು ಹೆಚ್ಚಿಸಿ ಬೆಂಬಲ ಬೆಲೆಯನ್ನು ನಿಗದಿಪಡಿಸಬೇಕೆಂದು ಶಿಫಾರಸು ಮಾಡಿತು. ೨೦೧೮ರ ಕೇಂದ್ರ ಆಯವ್ಯಯದಲ್ಲಿ ಸರಕಾರವು ಈ ತತ್ತ್ವವನ್ನು ಒಪ್ಪಿತಾದರೂ ಎರಡನೆಯ ಮೆಟ್ಟಿಲಿನ ವೆಚ್ಚವನ್ನು ಆಧಾರವಾಗಿಟ್ಟುಕೊಂಡಿತು. ರೈತಸಂಘಟನೆಗಳು ಮೂರನೆಯದನ್ನೇ ಕೇಳುತ್ತಿವೆ.

ಮೇಲ್ನೋಟಕ್ಕೆ ಇದು ಗಣಕರ ವಿವಾದ. ಆದರೆ ಮನೆಯ ಹೆಂಗಸು ಕಳೆ ಕಿತ್ತ ದಿನಗಳಿಗೆ ಬೆಲೆಯುಂಟೇ, ಉಂಟಾದರೆ ಎಷ್ಟು ಎಂಬ ಪ್ರಶ್ನೆಯು ಕಾಯಕದ ಮೌಲ್ಯವನ್ನು ಕುರಿತ ಪ್ರಶ್ನೆಯೇ ಆಗಿದೆ. ದುಡಿಮೆಗೆ ಮೇಲು ಕೀಳುಗಳನ್ನು ಒಪ್ಪದ ಶರಣರ ದೃಷ್ಟಿಗೆ ಇದು ತೀರ ಹತ್ತಿರದ ವಿಷಯ. ಹೆಚ್ಚಿನ ಬೆಲೆಯನ್ನು ಕೇಳುವುದು ಆಸೆಯಲ್ಲವೇ ಎಂದು ಯಾರಾದರೂ ಶಂಕಿಸಿದರೆ, ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಪತಿಯಾದ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಆಕೆ ಹೇಳಿದಳು. ಆಕೆ ನಿರಾಕರಿಸಿದ್ದು ಅಂದಿನ ಕಾಯಕಕ್ಕೂ ದಾಸೋಹಕ್ಕೂ ಮೀರಿದ ಹೆಚ್ಚಳವನ್ನು, ಕಾಯಕದ ಫಲವನ್ನಲ್ಲ. ದುಡಿದುದಕ್ಕೆ ಸಲ್ಲಬೇಕಾದುದನ್ನು ಕೇಳುವುದು ಆಸೆಯಲ್ಲ. ಅದನ್ನು ಕೊಡದೆ ಉಳಿಸಿಕೊಳ್ಳುವುದೇ ಆಸೆ.

ಸ್ವಾಭಿಮಾನದ ರಾಜಕೀಯ

ರೈತಸಂಘವು ಬೆಲೆಯೊಂದರಲ್ಲೇ ನಿಂತಿದ್ದರೆ ಅದು ವ್ಯಾಪಾರಿ ಸಂಘಗಳ ಸಾಲಿಗೆ ಸೇರಿಬಿಡುತ್ತಿತ್ತು. ಅದರ ವೈಶಿಷ್ಟ್ಯವಿರುವುದು ರೈತನ ನಡೆನುಡಿಯಲ್ಲಿಯೇ ತಂದ ಬದಲಾವಣೆಯಲ್ಲಿ. ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನು ಹೆಗಲ ಮೇಲೆ ಹಸಿರು ಶಾಲನ್ನು ಹಾಕಿಕೊಂಡು ನೇರವಾಗಿ ಮಾತನಾಡತೊಡಗಿದನು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಪ್ರವೇಶಿಸಬಾರದೆಂಬ ಫಲಕಗಳು ಹಳ್ಳಿಗಳ ಮುಂದೆ ಎದ್ದು ನಿಂತವು. ಸಾಲದ ಬಾಕಿಗಾಗಿ ಮನೆಯ ಪಾತ್ರೆಪಗಡೆ, ಬಾಗಿಲುಗಳನ್ನು ಜಪ್ತಿ ಮಾಡುವ ಪದ್ಧತಿ ಆಗ ಪ್ರಚಲಿತವಾಗಿದ್ದಿತು. ಒಂದು ಮನೆಯ ಪಾತ್ರೆಗಳು ಬೀದಿಗೆ ಬಂದರೆ ಆ ಮನೆತನದ ಮಾನವೇ ಬೀದಿಗೆ ಬಂದಂತೆ. ಇದಕ್ಕೆ ಪ್ರತಿಯಾಗಿ ರೈತರು ಗುಂಪಾಗಿ ಹೋಗಿ ಜಪ್ತಿಯಾದ ವಸ್ತುಗಳನ್ನು ಹಿಂದಕ್ಕೆ ತರುವ ಮರುಜಪ್ತಿಯನ್ನು ಕೈಗೊಂಡರು.

ಸರಳ ವಿವಾಹದ ಪ್ರಚಾರವು ಇದೇ ವಿಚಾರದ ಇನ್ನೊಂದು ಮುಖ. ಸಾಲಕ್ಕೆ ಬೆಲೆಯ ಅನ್ಯಾಯವು ಒಂದು ಕಾರಣವಾದರೆ ಮದುವೆಯ ದುಂದುವೆಚ್ಚ, ವರದಕ್ಷಿಣೆಗಳು ಮತ್ತೊಂದು ಕಾರಣ. ಸರಕಾರದೊಡನೆ ಜಗಳವಾಡುವವನು ತನ್ನ ಮನೆಯೊಳಗಿನ ಅನ್ಯಾಯವನ್ನೂ ತಿದ್ದಿಕೊಳ್ಳಬೇಕೆಂಬ ದೃಷ್ಟಿಯಿಂದ ಪುರೋಹಿತರಿಲ್ಲದ, ಆಡಂಬರವಿಲ್ಲದ ಮದುವೆಗಳು ಸಂಘದ ಸಮಾರಂಭಗಳಲ್ಲಿ ನಡೆದವು. ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ೧೯೬೬ರಲ್ಲಿ ನೆರವೇರಿಸಿದ ಮಂತ್ರಮಾಂಗಲ್ಯದ ಪದ್ಧತಿಯು ರೈತಸಂಘದ ಮೂಲಕ ಹಳ್ಳಿಗಳನ್ನು ಮುಟ್ಟಿತು. ನಾಡಿನ ಅನೇಕ ಮಠಗಳು ನಡೆಸಿಕೊಂಡು ಬಂದಿರುವ ಸಾಮೂಹಿಕ ವಿವಾಹಗಳ ಹಿಂದಿರುವ ಆಶಯವೂ ಇದಕ್ಕಿಂತ ದೂರದ್ದಲ್ಲ.

ಬೀಜ ಮತ್ತು ಒಡೆತನ

೧೯೯೦ರ ದಶಕದಲ್ಲಿ ರೈತಸಂಘದ ವಿಚಾರವು ಮತ್ತೊಂದು ತಿರುವನ್ನು ಪಡೆಯಿತು. ಗ್ಯಾಟ್ ಒಪ್ಪಂದದ ಮಾತುಕತೆಗಳಲ್ಲಿ ಡಂಕೆಲ್ ಕರಡು ಎಂದು ಹೆಸರಾದ ಪ್ರಸ್ತಾವವು ಬೌದ್ಧಿಕ ಒಡೆತನವನ್ನು ಕೃಷಿಯವರೆಗೂ ವಿಸ್ತರಿಸುವ ಸೂಚನೆಯನ್ನು ಒಳಗೊಂಡಿತ್ತು. ಕಣದಲ್ಲಿ ಆಯ್ದಿಟ್ಟ ಬೀಜವನ್ನು ಮರುವರ್ಷ ಬಿತ್ತುವುದು, ನೆರೆಯವನಿಗೆ ಕೊಡುವುದು ರೈತನ ಸಹಜ ಧರ್ಮ. ಅದಕ್ಕೆ ಕಂಪನಿಯ ಅಪ್ಪಣೆ ಬೇಕಾಗುವ ದಿನ ಬಂದರೆ ಒಕ್ಕಲುತನದ ಸ್ವಾತಂತ್ರ್ಯವೇ ಹೋದಂತೆ ಎಂದು ನಂಜುಂಡಸ್ವಾಮಿಯವರು ವಾದಿಸಿದರು. ೧೯೯೨ರ ಅಕ್ಟೋಬರ್ ೨ರಂದು, ಗಾಂಧೀ ಜಯಂತಿಯ ದಿನ, ಹೊಸಪೇಟೆಯಲ್ಲಿ ಬೀಜ ಸತ್ಯಾಗ್ರಹವು ಆರಂಭವಾಯಿತು. ಅದೇ ವರ್ಷದ ಡಿಸೆಂಬರ್ ೨೯ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ಕಾರ್ಯಕರ್ತರು ಕಡತಗಳನ್ನು ಹೊರಗೆ ಎಸೆದು ಸುಟ್ಟರು. ೧೯೯೩ರ ಜುಲೈಯಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ನಿರ್ಮಾಣವೊಂದನ್ನು ಕೆಡವಿದರು. ೧೯೯೮ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ಭಾಗದಲ್ಲಿ ಕುಲಾಂತರಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು.

೧೯೯೩ರಲ್ಲಿ ಬೆಲ್ಜಿಯಂ ದೇಶದ ಮೋನ್ಸ್ ನಗರದಲ್ಲಿ ಸ್ಥಾಪಿತವಾದ ಲಾ ವಿಯಾ ಕಂಪೆಸಿನಾ ಎಂಬ ಅಂತರರಾಷ್ಟ್ರೀಯ ರೈತ ಒಕ್ಕೂಟದೊಡನೆ ರೈತಸಂಘವು ಕೈಜೋಡಿಸಿತು. ಒಂದು ದೇಶವು ತನ್ನ ಆಹಾರವನ್ನೂ ಅದನ್ನು ಬೆಳೆಯುವ ಬಗೆಯನ್ನೂ ತಾನೇ ನಿರ್ಣಯಿಸಬೇಕೆಂಬ ಆಹಾರ ಸಾರ್ವಭೌಮತ್ವದ ತತ್ತ್ವವು ಈ ಒಕ್ಕೂಟದ ಕೊಡುಗೆ. ೨೦೦೧ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತನಿಗೆ ನೀಡಿತು; ಬ್ರಾಂಡಿನ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ. ಇದು ಒಂದೇ ಸಂಘಟನೆಯ ಸಾಧನೆಯಲ್ಲದಿದ್ದರೂ ಇಂತಹ ಹೋರಾಟಗಳಿಲ್ಲದೆ ರೈತರ ಹಕ್ಕು ಎಂಬ ಮಾತು ಕಾಯಿದೆಯ ಹೆಸರಿನೊಳಗೆ ಬರುತ್ತಿತ್ತೆಂದು ಹೇಳುವುದು ಕಷ್ಟ.

ಎಲ್ಲ ರೈತಸಂಘಟನೆಗಳೂ ಈ ವಿಚಾರವನ್ನು ಒಪ್ಪಿದವೆಂದು ತಿಳಿಯಬಾರದು. ಮಹಾರಾಷ್ಟ್ರದ ಶೇತಕರಿ ಸಂಘಟನೆಯ ನಾಯಕರಾದ ಶರದ್ ಜೋಶಿಯವರು, ರೈತನ ದಾರಿದ್ರ್ಯಕ್ಕೆ ಸರಕಾರದ ನಿರ್ಬಂಧಗಳೇ ಕಾರಣವೆಂದೂ ಮುಕ್ತ ಮಾರುಕಟ್ಟೆಯೂ ಹೊಸ ತಂತ್ರಜ್ಞಾನವೂ ಅವನನ್ನು ಬಿಡುಗಡೆ ಮಾಡುವುವೆಂದೂ ನಂಬಿದರು. ಸುಲಿಗೆಗೊಳಗಾದ ಗ್ರಾಮೀಣ ಜಗತ್ತನ್ನು ಭಾರತವೆಂದೂ ಅದರ ಮೇಲೆ ಬಾಳುವ ನಗರ ಜಗತ್ತನ್ನು ಇಂಡಿಯಾ ಎಂದೂ ವಿಂಗಡಿಸಿದ ಚಿಂತಕರು ಅವರು. ಉತ್ತರ ಪ್ರದೇಶದ ಭಾರತೀಯ ಕಿಸಾನ್ ಯೂನಿಯನ್ನಿನ ಮಹೇಂದ್ರಸಿಂಗ್ ಟಿಕಾಯತ್ ಅವರು ಸಿದ್ಧಾಂತದ ಮಾತಿಗಿಂತ ಊರ ಪಂಚಾಯತಿಯ ಒಗ್ಗಟ್ಟನ್ನು ನೆಚ್ಚಿದರು. ೧೯೮೯ರ ಅಕ್ಟೋಬರ್ ೨ರಂದು ದೆಹಲಿಯಲ್ಲಿ ಕೂಡಿ ನಡೆಸಲೆಂದು ಕರೆದ ಸಮಾವೇಶವು ಜೋಶಿ ಮತ್ತು ಟಿಕಾಯತ್ ಅವರ ನಡುವಿನ ಭಿನ್ನಾಭಿಪ್ರಾಯದಿಂದ ಒಡೆದುಹೋದುದು ಈ ಮತಭೇದಗಳ ಆಳವನ್ನು ತೋರಿಸುತ್ತದೆ. ಬೆಲೆ ಬೇಕೆಂಬಲ್ಲಿ ಎಲ್ಲರೂ ಒಂದೇ. ಆ ಬೆಲೆಯನ್ನು ಪೇಟೆಯು ಕೊಡಬೇಕೇ, ಪ್ರಭುತ್ವವು ಕೊಡಬೇಕೇ, ಗ್ರಾಮವೇ ಕಂಡುಕೊಳ್ಳಬೇಕೇ ಎಂಬಲ್ಲಿ ದಾರಿಗಳು ಬೇರೆ.

ಅಹಿಂಸೆಯ ಅರ್ಥ

ಸತ್ಯಾಗ್ರಹವೆಂಬ ಹೆಸರಿನಲ್ಲಿ ಕಡತಗಳನ್ನು ಸುಡುವುದು ಉಚಿತವೇ ಎಂಬ ಪ್ರಶ್ನೆಯು ಅಂದೇ ಎದ್ದಿತ್ತು. ಜೀವವಿಲ್ಲದ ವಸ್ತುವಿಗೆ ಮಾಡುವ ಹಾನಿಯು ಹಿಂಸೆಯಲ್ಲ, ಜೀವಿಗೆ ಮಾಡುವುದು ಮಾತ್ರ ಹಿಂಸೆ ಎಂಬುದು ನಂಜುಂಡಸ್ವಾಮಿಯವರ ಸಮರ್ಥನೆ. ವಿದೇಶಿ ಬಟ್ಟೆಗಳ ದಹನವು ಸ್ವಾತಂತ್ರ್ಯ ಹೋರಾಟದ ಅಂಗವಾಗಿದ್ದುದನ್ನು ಈ ವಾದಕ್ಕೆ ಬೆಂಬಲವಾಗಿ ಹೇಳಬಹುದು. ಆದರೆ ಅಂದು ಬೆಂಕಿಗೆ ಹಾಕಿದುದು ಜನರು ತಾವೇ ತ್ಯಜಿಸಿದ ಬಟ್ಟೆಗಳನ್ನು. ಇಲ್ಲಿ ನಾಶವಾದುದು ಇನ್ನೊಬ್ಬರ ಸ್ವತ್ತು. ಅಲ್ಲದೆ ಕಚೇರಿಯಲ್ಲಿ ಕೆಲಸ ಮಾಡುವ ಸಾಮಾನ್ಯ ನೌಕರನ ಭಯವನ್ನು ಯಾವ ಲೆಕ್ಕದಲ್ಲಿ ಬರೆಯಬೇಕು? ೧೯೫೪ರಲ್ಲಿ ತಿರುವಾಂಕೂರು ಕೊಚ್ಚಿ ರಾಜ್ಯದಲ್ಲಿ ತಮ್ಮದೇ ಪಕ್ಷದ ಸರಕಾರವು ಜನರ ಮೇಲೆ ಗುಂಡು ಹಾರಿಸಿದಾಗ ಆ ಸರಕಾರವು ರಾಜೀನಾಮೆ ಕೊಡಬೇಕೆಂದು ಲೋಹಿಯಾ ಅವರು ಒತ್ತಾಯಿಸಿದ್ದರು. ತನ್ನವರ ತಪ್ಪಿಗೂ ಅದೇ ಅಳತೆಯನ್ನು ಬಳಸುವ ಈ ನಿಷ್ಠುರತೆಯು ಎಲ್ಲ ಸಂಘಟನೆಗಳಿಗೂ ಒರೆಗಲ್ಲಾಗಿ ಉಳಿದಿದೆ.

ರೈತನೆಂದರೆ ಯಾರು?

ರೈತಸಂಘಟನೆಗಳ ವಿಚಾರದಲ್ಲಿ ಅತ್ಯಂತ ಕ್ಲಿಷ್ಟವಾದುದು ಈ ಪ್ರಶ್ನೆ. ಹಳ್ಳಿಯೇ ಒಂದು, ನಗರವೇ ಇನ್ನೊಂದು ಎಂದು ವಿಂಗಡಿಸಿದಾಗ ಹಳ್ಳಿಯೊಳಗಿನ ಬಿರುಕುಗಳು ಕಾಣದಾಗುತ್ತವೆ. ಹತ್ತಾರು ಎಕರೆ ನೀರಾವರಿಯುಳ್ಳವನೂ ರೈತನೇ, ಎರಡೆಕರೆ ಖುಷ್ಕಿಯುಳ್ಳವನೂ ರೈತನೇ. ಇವರಿಬ್ಬರ ಹೊಲದಲ್ಲಿ ಕೂಲಿ ಮಾಡುವವನಿಗೆ ಮಾತ್ರ ಆ ಹೆಸರು ಸಲ್ಲದು. ೧೯೭೦ರ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಯ ಚಿಂತಕರು ರೈತಸಂಘದ ನಾಯಕತ್ವವು ಭೂಮಿಯುಳ್ಳ ಜಾತಿಗಳ ಕೈಯಲ್ಲಿರುವುದನ್ನು ಎತ್ತಿ ತೋರಿಸಿದರು. ಕೂಲಿಯ ದರವನ್ನು ಹೆಚ್ಚಿಸುವ ಮಾತು ಬಂದಾಗ ಬೆಲೆಗಾಗಿ ಹೋರಾಡುವವನೇ ಮೌನ ತಾಳುವುದನ್ನು ಅವರು ಪ್ರಶ್ನಿಸಿದರು. ಈ ಟೀಕೆಯಲ್ಲಿ ಸತ್ಯವಿದೆ. ರೈತಸಂಘದ ಮುಂಚೂಣಿಯಲ್ಲಿ ಒಕ್ಕಲಿಗ, ಲಿಂಗಾಯತ ಸಮುದಾಯಗಳವರು ಹೆಚ್ಚಾಗಿದ್ದುದು ಯಾರೂ ಅಲ್ಲಗಳೆಯದ ಸಂಗತಿ. ಸಂಘದ ಸ್ಥಾಪಕರು ಜಾತಿವಿನಾಶದ ಆದರ್ಶವನ್ನು ಹೊತ್ತವರೇ ಆಗಿದ್ದರೂ ಆ ಆದರ್ಶವು ಊರೂರಿನ ಘಟಕಗಳಲ್ಲಿ ಒಂದೇ ಸಮನಾಗಿ ಬೇರೂರಲಿಲ್ಲ.

ತಾತ್ತ್ವಿಕವಾಗಿ ನೋಡಿದರೆ ಇದಕ್ಕೆ ಪರಿಹಾರವು ರೈತಸಂಘದ ವಾದದಲ್ಲಿಯೇ ಇದೆ. ದುಡಿಮೆಗೆ ತಕ್ಕ ಬೆಲೆ ಸಲ್ಲಬೇಕೆಂಬ ಮಾತನ್ನು ರೈತನು ಸರಕಾರಕ್ಕೆ ಹೇಳುವಾಗ, ಅದೇ ಮಾತನ್ನು ಕೂಲಿಯವನು ರೈತನಿಗೆ ಹೇಳುವ ಹಕ್ಕನ್ನೂ ಒಪ್ಪಿದಂತಾಗುತ್ತದೆ. ಉತ್ಪಾದನಾವೆಚ್ಚದ ಲೆಕ್ಕದಲ್ಲಿ ಕೂಲಿಯನ್ನು ನ್ಯಾಯವಾದ ದರದಲ್ಲಿ ಬರೆದು, ಕೊಡುವಾಗ ಅದಕ್ಕಿಂತ ಕಡಿಮೆ ಕೊಟ್ಟರೆ, ಕಾಗೋಡಿನ ಕೊಳಗವು ಕೈ ಬದಲಾಯಿಸಿತೇ ಹೊರತು ಅಳತೆ ಸರಿಯಾಗಲಿಲ್ಲವೆಂದೇ ಅರ್ಥ. ಕಾಯಕದೊಡನೆ ದಾಸೋಹವನ್ನು ಶರಣರು ಬಿಡಿಸಲಾಗದಂತೆ ಕಟ್ಟಿದುದರ ಮರ್ಮವು ಇಲ್ಲಿ ಗೋಚರಿಸುತ್ತದೆ. ದಾಸೋಹವಿಲ್ಲದ ಕಾಯಕವು ಬರಿಯ ಸಂಪಾದನೆಯಾಗುತ್ತದೆ. ೨೦೦೫ರಲ್ಲಿ ರೈತಸಂಘದವರೂ ದಲಿತ ಚಳವಳಿಯವರೂ ಕೂಡಿ, ಸಾಹಿತಿ ದೇವನೂರ ಮಹಾದೇವ ಅವರ ಮಾರ್ಗದರ್ಶನದಲ್ಲಿ, ಸರ್ವೋದಯ ಕರ್ನಾಟಕ ಪಕ್ಷವನ್ನು ಕಟ್ಟಿದುದು ಈ ಬಿರುಕನ್ನು ಬೆಸೆಯುವ ಒಂದು ಪ್ರಾಮಾಣಿಕ ಯತ್ನವಾಗಿತ್ತು.

ಮಹಿಳೆಯರ ವಿಷಯವೂ ಇಷ್ಟೇ ಮಹತ್ತ್ವದ್ದು. ಹೊಲದ ಕೆಲಸದ ಬಹುಭಾಗವನ್ನು ಮಾಡುವವಳು ಪಹಣಿಯಲ್ಲಿ ಹೆಸರಿಲ್ಲದ ಕಾರಣ ರೈತಳೆನಿಸಿಕೊಳ್ಳುವುದಿಲ್ಲ. ಶೇತಕರಿ ಸಂಘಟನೆಯು ೧೯೮೬ರಲ್ಲಿ ಚಾಂದವಡದಲ್ಲಿ ಬೃಹತ್ ಮಹಿಳಾ ಸಮಾವೇಶವನ್ನು ನಡೆಸಿ, ಅನಂತರ ಲಕ್ಷ್ಮೀಮುಕ್ತಿ ಎಂಬ ಕಾರ್ಯಕ್ರಮದ ಮೂಲಕ ಜಮೀನಿನ ಒಂದು ಭಾಗವನ್ನು ಹೆಂಡತಿಯ ಹೆಸರಿಗೆ ಬರೆದುಕೊಡುವಂತೆ ರೈತರನ್ನು ಪ್ರೇರೇಪಿಸಿತು. ಮಾರುಕಟ್ಟೆಯ ವಿಷಯದಲ್ಲಿ ಜೋಶಿಯವರೊಡನೆ ಭಿನ್ನಾಭಿಪ್ರಾಯವುಳ್ಳವರೂ ಈ ಕಾರ್ಯವನ್ನು ಮೆಚ್ಚದಿರಲಾರರು.

ಅಧಿಕಾರದ ಹೊಸ್ತಿಲಲ್ಲಿ

ಪಕ್ಷರಾಜಕೀಯದಿಂದ ದೂರವಿದ್ದು ಪ್ರಭುತ್ವವನ್ನು ಹೊರಗಿನಿಂದ ತಿದ್ದಬೇಕೇ, ಒಳಹೊಕ್ಕು ಬದಲಾಯಿಸಬೇಕೇ ಎಂಬುದು ರೈತಸಂಘಟನೆಗಳನ್ನು ಎಡೆಬಿಡದೆ ಕಾಡಿದ ಪ್ರಶ್ನೆ. ೧೯೮೯ರ ವಿಧಾನಸಭಾ ಚುನಾವಣೆಯಲ್ಲಿ ರೈತಸಂಘದ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರಗಳಲ್ಲಿ ಗೆದ್ದರು. ಅವರು ತೆರವು ಮಾಡಿದ ಧಾರವಾಡ ಗ್ರಾಮೀಣ ಕ್ಷೇತ್ರದಿಂದ ನಂಜುಂಡಸ್ವಾಮಿಯವರು ವಿಧಾನಸಭೆಯನ್ನು ಪ್ರವೇಶಿಸಿದರು. ೧೯೯೪ರಲ್ಲಿ ಕೆ.ಎಸ್. ಪುಟ್ಟಣ್ಣಯ್ಯನವರು ಪಾಂಡವಪುರದಿಂದಲೂ ೨೦೧೩ರಲ್ಲಿ ಮೇಲುಕೋಟೆಯಿಂದಲೂ ಆಯ್ಕೆಯಾದರು; ೨೦೨೩ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯನವರು ಅದೇ ಮೇಲುಕೋಟೆಯಿಂದ ಗೆದ್ದರು. ಲಕ್ಷಾಂತರ ಜನರನ್ನು ಬೀದಿಗೆ ತರಬಲ್ಲ ಸಂಘಟನೆಗೆ ಮತಪೆಟ್ಟಿಗೆಯಲ್ಲಿ ದೊರೆತ ಫಲವು ಇಷ್ಟೇ.

ಇದಕ್ಕೆ ಕಾರಣವನ್ನು ಹುಡುಕುವುದು ಕಠಿಣವಲ್ಲ. ಧಾರಣೆ ಬಿದ್ದಾಗ ರೈತನಾಗಿ ಎದ್ದುನಿಲ್ಲುವವನು ಮತ ಹಾಕುವಾಗ ಜಾತಿಯವನಾಗಿ, ಪಕ್ಷದವನಾಗಿ, ಊರ ಬಣದವನಾಗಿ ನಡೆದುಕೊಳ್ಳುತ್ತಾನೆ. ಚುನಾವಣೆಗೆ ಬೇಕಾದ ಹಣವು ರೈತಸಂಘದ ಕೈಯಲ್ಲಿ ಇರಲಿಲ್ಲ. ಹಣವನ್ನು ತರುವ ಮಾರ್ಗಗಳು ಅದರ ಮೌಲ್ಯಗಳಿಗೆ ಹೊಂದುತ್ತಿರಲಿಲ್ಲ. ಬಾಬಾಗೌಡ ಪಾಟೀಲರು ಮುಂದೆ ರಾಷ್ಟ್ರೀಯ ಪಕ್ಷವೊಂದನ್ನು ಸೇರಿ ಕೇಂದ್ರದಲ್ಲಿ ಸಚಿವರಾದರು. ನಾಯಕರ ನಡುವಿನ ವೈಮನಸ್ಯದಿಂದ ಸಂಘವು ಹಲವು ಬಣಗಳಾಗಿ ಒಡೆಯಿತು; ೨೦೦೪ರ ಫೆಬ್ರವರಿಯಲ್ಲಿ ನಂಜುಂಡಸ್ವಾಮಿಯವರು ನಿಧನರಾದ ಮೇಲೆ ಆ ಬಣಗಳನ್ನು ಒಂದುಗೂಡಿಸಬಲ್ಲ ವಿಚಾರಶಕ್ತಿಯು ಕುಗ್ಗಿತು. ಹಸಿರು ಶಾಲು ಮಾತ್ರ ಎಲ್ಲೆಡೆ ಹರಡಿತು. ಅಧಿಕಾರದಲ್ಲಿರುವವರೂ ಅಧಿಕಾರವನ್ನು ಬಯಸುವವರೂ ಅದನ್ನು ಹೊದೆಯತೊಡಗಿದರು. ಲಾಂಛನವು ವಿಚಾರವನ್ನು ಬಿಟ್ಟು ತಾನೊಂದೇ ಸಂಚರಿಸುವುದು ಯಾವುದೇ ಚಳವಳಿಗೆ ಒದಗಬಹುದಾದ ದೊಡ್ಡ ಗಂಡಾಂತರ. ಧರ್ಮಗಳ ಇತಿಹಾಸವನ್ನು ಬಲ್ಲವರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ನೆಲದ ಪ್ರಶ್ನೆ ಮರಳಿ

ಇತ್ತೀಚಿನ ವರ್ಷಗಳಲ್ಲಿ ಹೋರಾಟದ ಕೇಂದ್ರವು ಮತ್ತೆ ಭೂಮಿಯೆಡೆಗೆ ತಿರುಗಿದೆ. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಪರಿಸರದಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ಭೂಮಿಯನ್ನು ವಶಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು ಎದ್ದಾಗ ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಆ ಹೋರಾಟದ ಮುಂದಾಳತ್ವವನ್ನು ವಹಿಸಿದರು. ೨೦೧೧ರ ಜುಲೈಯಲ್ಲಿ ಸರಕಾರವು ಯೋಜನೆಯನ್ನು ಕೈಬಿಟ್ಟಿತು. ಸಹಜಾನಂದ ಸರಸ್ವತಿಯವರ ಕಾಲದಲ್ಲಿ ಬಿಹಾರದಲ್ಲಿ ಕಂಡ ದೃಶ್ಯವು ಕನ್ನಡನಾಡಿನಲ್ಲಿ ತನ್ನದೇ ರೀತಿಯಲ್ಲಿ ಮರುಕಳಿಸಿತು.

೨೦೨೦ರಲ್ಲಿ ರಾಜ್ಯದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ನಿರ್ಬಂಧಗಳು ತೆರವಾದವು. ಅದೇ ವರ್ಷ ಕೇಂದ್ರ ಸರಕಾರವು ತಂದ ಮೂರು ಕೃಷಿ ಕಾಯಿದೆಗಳ ವಿರುದ್ಧ ದೆಹಲಿಯ ಗಡಿಗಳಲ್ಲಿ ರೈತರು ಒಂದು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. ೨೦೨೧ರ ನವೆಂಬರಿನಲ್ಲಿ ಆ ಕಾಯಿದೆಗಳು ರ‍ದ್ದಾದವು. ಬೆಂಗಳೂರಿನ ಬಳಿಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ೧,೭೭೭ ಎಕರೆ ಭೂಮಿಯ ಸ್ವಾಧೀನಕ್ಕೆ ರೈತರು ವರ್ಷಗಟ್ಟಲೆ ತೋರಿದ ವಿರೋಧದ ಫಲವಾಗಿ ೨೦೨೫ರ ಜುಲೈಯಲ್ಲಿ ರಾಜ್ಯ ಸರಕಾರವು ಆ ಪ್ರಸ್ತಾವವನ್ನು ಕೈಬಿಟ್ಟಿತು. ಚುನಾವಣೆಯಲ್ಲಿ ದುರ್ಬಲವಾದ ಸಂಘಟನೆಯು ನೈತಿಕ ಒತ್ತಡದಲ್ಲಿ ದುರ್ಬಲವಲ್ಲವೆಂಬುದನ್ನು ಇವು ತೋರಿಸುತ್ತವೆ.

ಸಮಾರೋಪ

ರೈತಸಂಘಟನೆಗಳ ವಿಚಾರವು ಶರಣರ ತತ್ತ್ವದಿಂದ ನೇರವಾಗಿ ಹುಟ್ಟಿತೆಂದು ಹೇಳಿದರೆ ಅದು ಇತಿಹಾಸಕ್ಕೆ ಒಪ್ಪುವ ಮಾತಾಗಲಾರದು. ಅವುಗಳ ಪ್ರಕಟ ಮೂಲಗಳು ಗಾಂಧೀಜಿ, ಲೋಹಿಯಾ ಮುಂತಾದ ಆಧುನಿಕರ ಚಿಂತನೆಗಳೇ. ಆದರೆ ಆ ಚಿಂತನೆಯು ಕನ್ನಡದ ಹಳ್ಳಿಯ ಮನಸ್ಸನ್ನು ಅಷ್ಟು ಬೇಗ ಮುಟ್ಟಲು ಇಲ್ಲಿಯ ನೆಲವು ಮೊದಲೇ ಹದವಾಗಿತ್ತೆಂಬುದನ್ನು ಮರೆಯಲಾಗದು. ದುಡಿಮೆಯು ಪೂಜ್ಯ, ದುಡಿಯದೆ ಉಣ್ಣುವುದು ಸಲ್ಲದು, ಹೆಚ್ಚಾದುದು ಸಮಾಜಕ್ಕೆ ಸೇರತಕ್ಕದ್ದು ಎಂಬ ನಂಬುಗೆಗಳನ್ನು ಎಂಟು ಶತಮಾನಗಳಿಂದ ಕೇಳಿಕೊಂಡು ಬಂದ ಜನಕ್ಕೆ ಬೆಲೆಯ ನ್ಯಾಯವನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಒಟ್ಟಿನಲ್ಲಿ ರೈತಸಂಘಟನೆಗಳು ನಾಡಿನ ರಾಜಕೀಯಕ್ಕೆ ನೀಡಿದ ಮೌಲ್ಯಗಳು ಮೂರು: ದುಡಿಮೆಗೆ ನ್ಯಾಯವಾದ ಬೆಲೆ, ದುಡಿಯುವವನ ಸ್ವಾಭಿಮಾನ, ಬೀಜ ಮತ್ತು ನೆಲಗಳ ಮೇಲೆ ಬೆಳೆಯುವವನ ಹಕ್ಕು. ಈ ಮೂರನ್ನೂ ಅವು ಪ್ರಭುತ್ವದ ಮುಂದೆ ದಿಟ್ಟತನದಿಂದ ಮಂಡಿಸಿದವು. ಇವನ್ನೇ ತಮ್ಮ ಹೊಲದ ಕೂಲಿಯವನ ಮುಂದೆ, ತಮ್ಮ ಮನೆಯ ಹೆಣ್ಣುಮಗಳ ಮುಂದೆ, ತಮ್ಮ ಊರ ಕೇರಿಯ ಮುಂದೆ ಮಂಡಿಸಿಕೊಳ್ಳುವ ಕೆಲಸವು ಇನ್ನೂ ಅಪೂರ್ಣವಾಗಿದೆ. ಅದು ಪೂರ್ಣವಾದಂದು ಹಸಿರು ಶಾಲನ್ನು ಹೊದೆಯುವ ಅಧಿಕಾರವು ಯಾರಿಗುಂಟು, ಯಾರಿಗಿಲ್ಲ ಎಂಬುದನ್ನು ಬೇರೆ ಯಾರೂ ನಿರ್ಣಯಿಸಬೇಕಾಗುವುದಿಲ್ಲ.